ಮನೆಯಲ್ಲೇ ಹಾಡಿ ಮುದ್ರಿಸಿಕೊಳ್ಳುವವರಿಗೆ ಎಂಥ ಸ್ಪೀಕರ್ ಬೇಕು?



ಸ್ಪೀಕರ್‌ಗಳ ಬಗ್ಗೆ ಟಿ.ವಿ.ಯಲ್ಲಿ ಮಾತನಾಡುವುದರಲ್ಲಿ ಒಂದು ತೊಡಕಿದೆ. ಎರಡು ಸ್ಪೀಕರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದಾದ ಮೇಲೊಂದರಂತೆ ನುಡಿಸಿ ತೋರಿಸಬಹುದು, ನಿಜ. ಆದರೆ ನಿಮ್ಮ ಕಿವಿಗೆ ಬೀಳುವುದು ಆ ಎರಡರ ಧ್ವನಿಯಲ್ಲ, ನಿಮ್ಮ ಮನೆಯ ಟಿ.ವಿ.ಯೊಳಗೆ ಕುಳಿತಿರುವ ಪುಟ್ಟ ಸ್ಪೀಕರಿನ ಧ್ವನಿ! ಹಾಗಾಗಿ ಈ ವಿಷಯವನ್ನು ನೋಡುವುದಕ್ಕಿಂತ ಓದಿ ತಿಳಿದುಕೊಳ್ಳುವುದೇ ವಾಸಿ.

ಈ ತೊಡಕಿನಲ್ಲೇ ನಾವು ಕಲಿಯಬೇಕಾದ ಮೊದಲ ಪಾಠವೂ ಇದೆ. ಧ್ವನಿಮುದ್ರಣವನ್ನು ಯಾರೂ ನೇರವಾಗಿ ಕೇಳಲಾರರು. ಯಾವುದಾದರೊಂದು ಸ್ಪೀಕರಿನ ಮೂಲಕವೇ ಕೇಳಬೇಕು. ಆ ಸ್ಪೀಕರ್ ಹೇಳಿದ್ದನ್ನೇ ನಿಜವೆಂದು ನಂಬಬೇಕು. ಅದು ಇಲ್ಲದ್ದನ್ನು ಹೇಳಿದರೆ?

ನನಗೆ ಪರಿಚಯದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಅಂತರ ಕಾಲೇಜು ಸ್ಪರ್ಧೆಗೆಂದು ಒಂದು ಭಾವಗೀತೆಯನ್ನು ಮನೆಯಲ್ಲೇ ಮುದ್ರಿಸಿದಳು. ಜೊತೆಗೆ ಗೆಳತಿಯ ಹಾರ್ಮೋನಿಯಂ, ಅಣ್ಣನ ತಬಲಾ. ಮುದ್ರಿಸಿದ್ದನ್ನು ಕೇಳಲು ಮನೆಯಲ್ಲಿದ್ದದ್ದು ಸಿನಿಮಾ ನೋಡಲೆಂದು ತಂದ, ನೆಲದ ಮೇಲೊಂದು ದೊಡ್ಡ ಪೆಟ್ಟಿಗೆಯಿಟ್ಟು ಗುಡುಗುವ ಸೆಟ್ಟು. ಅದರಲ್ಲಿ ಡಗ್ಗದ ಏಟು ಮನೆಯನ್ನೇ ನಡುಗಿಸುತ್ತಿತ್ತು, ಹಾಡಿನ ಕೆಳಸ್ವರಗಳು ಗುಂಯ್‌ಗುಡುತ್ತಿದ್ದವು. ಕಂಪ್ಯೂಟರಿನಲ್ಲಿ ಮಂದ್ರ ಧ್ವನಿಯನ್ನು ಇಳಿಸುತ್ತ ಇಳಿಸುತ್ತ, ಕಿವಿಗೆ ಹಿತವೆನಿಸಿದಾಗ ನಿಲ್ಲಿಸಿದಳು. ಆದರೆ ಕಾಲೇಜಿನ ಸಭಾಂಗಣದಲ್ಲಿ ಅದನ್ನು ಹಾಕಿದಾಗ ಕಂಠ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಡಗ್ಗ ಇದ್ದೂ ಇಲ್ಲದಂತಾಗಿತ್ತು. "ನನ್ನ ಗಂಟಲು ರೆಕಾರ್ಡಿಂಗಿಗೆ ಆಗಿಬರೋಲ್ಲ ಸಾರ್" ಎಂದು ಹೇಳಿ, ಎರಡು ತಿಂಗಳು ಆಕೆ ಮೈಕಿನ ಮುಂದೆ ಕೂರಲಿಲ್ಲ.

ತಪ್ಪು ಗಂಟಲಿನದಲ್ಲ. ಪೆಟ್ಟಿಗೆ ತಾನೇ ಸೇರಿಸಿದ ಗುಡುಗನ್ನು ಆಕೆ ಹಾಡಿನೊಳಗಿನಿಂದ ಕಿತ್ತುಹಾಕಿದ್ದಳು, ಅಷ್ಟೇ. ಮುಖ ಉದ್ದವಾಗಿ ಕಾಣುವ ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನೇ ಶಂಕಿಸಿದ ಹಾಗೆ.

ಸ್ಪೀಕರ್ ಕೆಲಸ ಮಾಡುವ ಬಗೆ

ಕಾಂತದ ನಡುವೆ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು, ಇಷ್ಟೇ ಸ್ಪೀಕರಿನ ಸಾರ. ಸುರುಳಿಯಲ್ಲಿ ವಿದ್ಯುತ್ ಏರಿಳಿದಂತೆ ಶಂಕು ಹಿಂದೆ ಮುಂದೆ ಅಲುಗುತ್ತದೆ. ಅದರ ಮುಂದಿನ ಗಾಳಿಯೂ ಅಲುಗುತ್ತದೆ. ಅದೇ ನಮಗೆ ಧ್ವನಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬವರು 1925ರಲ್ಲಿ ಪ್ರಕಟಿಸಿದ ಈ ವಿನ್ಯಾಸ ಮೂಲತಃ ಇಂದಿಗೂ ಹೆಚ್ಚು ಬದಲಾಗಿಲ್ಲ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ, ಅಂದರೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ತಗ್ಗಿನ ಧ್ವನಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು, ಅದಕ್ಕೆ ಅಗಲವಾದ ಶಂಕು ಬೇಕು. ಎತ್ತರದ ಧ್ವನಿಗೆ ಬಹು ಬೇಗ ಅಲುಗಬೇಕು, ಅದಕ್ಕೆ ಹಗುರಾದ ಚಿಕ್ಕ ಗುಮ್ಮಟ ಬೇಕು. ಆದ್ದರಿಂದಲೇ ಒಳ್ಳೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ಬಾಯಿಗಳಿರುತ್ತವೆ. ದೊಡ್ಡದು ವೂಫರ್, ಚಿಕ್ಕದು ಟ್ವೀಟರ್.

ನಮ್ಮ ಸಂಗೀತಕ್ಕೆ ಇದರಲ್ಲಿ ಎಷ್ಟು ಬೇಕು? ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಅವನ ಹಿಂದೆ ಮಿಡಿಯುವ ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 65 ಹರ್ಟ್ಸ್. ಇದು ತಳ. ಆದರೆ ತಂಬೂರಿಯ ಜೀವ ಇರುವುದು ತಳದಲ್ಲಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ದಾರವನ್ನು ಸರಿಯಾಗಿ ಕೂರಿಸಿದಾಗ ಮೂಲಸ್ವರದ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಕಂಪನಗಳ ಉಪಸ್ವರಗಳು ಮೇಲೆದ್ದು ಬರುತ್ತವಲ್ಲ, ಆ ಝೇಂಕಾರದಲ್ಲಿ. ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ತಂಬೂರಿ ಮತ್ತು ವೀಣೆಯ ಈ ಗುಣದ ಬಗ್ಗೆ ಬರೆದರು. ಮೃದಂಗ ಮತ್ತು ತಬಲಾಗಳ ಕರಣೆ ಹಚ್ಚಿದ ಚರ್ಮ ಹೇಗೆ ತಂತಿವಾದ್ಯದಂತೆ ಹೊಂದಿಕೆಯ ಉಪಸ್ವರಗಳನ್ನು ಕೊಡುತ್ತದೆಂಬುದನ್ನು 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ವಿವರಿಸಿದರು. ಹಾಗಾಗಿ ನಮ್ಮ ವಾದ್ಯಗಳನ್ನು ಮುದ್ರಿಸುವವರಿಗೆ ತಳವಷ್ಟೇ ಗುಡುಗುವ ಸ್ಪೀಕರ್ ಸಾಲದು. ನಡುವಿನ ಮತ್ತು ಮೇಲಿನ ಧ್ವನಿಯನ್ನು ಬಿಡಿಸಿ ಹೇಳುವ ಸ್ಪೀಕರ್ ಬೇಕು.

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಆ 65 ಹರ್ಟ್ಸ್ ಬಹುತೇಕ ಬರುವುದೇ ಇಲ್ಲ. ಆದರೂ ತಂಬೂರಿಯ ಶ್ರುತಿ ನಮಗೆ ತಿಳಿಯುತ್ತದೆ. ಮೇಲಿನ ಉಪಸ್ವರಗಳ ಲೆಕ್ಕ ಹಿಡಿದು ಮೂಲಸ್ವರ ಇಂಥದೆಂದು ಮಿದುಳೇ ಊಹಿಸಿಕೊಳ್ಳುತ್ತದೆ. ಕೇಳುವವರಿಗೆ ಈ ಊಹೆ ಸಾಕು. ಮುದ್ರಿಸುವವರಿಗೆ ಸಾಲದು. ತಳದಲ್ಲಿ ಏನಿದೆಯೆಂದು ಅವರಿಗೆ ಖಚಿತವಾಗಿ ಗೊತ್ತಿರಬೇಕು.

ಇಂಪು ಬೇರೆ, ನಿಜ ಬೇರೆ

ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಅಗ್ಗದ ಸ್ಟೀರಿಯೋಗಳಲ್ಲಿ ಬಹುಪಾಲು ತಳವನ್ನೂ ಮೇಲನ್ನೂ ಸ್ವಲ್ಪ ಉಬ್ಬಿಸಿ ಕೊಡುತ್ತವೆ. ಕೇಳಿದ ತಕ್ಷಣ ಮನಸ್ಸಿಗೆ ಹಿಡಿಸುತ್ತದೆ. ಸುಮ್ಮನೆ ಹಾಡು ಕೇಳುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಮುದ್ರಿಸುವವರು ಕೇಳಿ ಸುಮ್ಮನಾಗುವುದಿಲ್ಲ, ಕೇಳಿದ್ದನ್ನು ನಂಬಿ ತಿದ್ದುತ್ತಾರೆ. ಅಲ್ಲಿಯೇ ಅಪಾಯ.

ಹಾಗಾದರೆ ನಿಜ ಹೇಳುವ ಸ್ಪೀಕರಿಗೆ ಬಹಳ ಹಣ ಬೇಕೇ? ಎರಡು ಉದಾಹರಣೆಗಳನ್ನು ನೋಡಿ.

ಬ್ರಿಟನ್ನಿನ ಬಿ.ಬಿ.ಸಿ.ಗೆ 1970ರ ದಶಕದಲ್ಲಿ ಒಂದು ಇಕ್ಕಟ್ಟು ಎದುರಾಯಿತು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ದೊಡ್ಡ ಸ್ಪೀಕರಿಗೆ ಜಾಗವಿಲ್ಲ, ಆದರೆ ಧ್ವನಿಯ ಗುಣವನ್ನು ಅಲ್ಲಿಯೇ ಕೂತು ನಿರ್ಧರಿಸಬೇಕು. ಅದರ ಎಂಜಿನಿಯರುಗಳು ಸುಮಾರು ಒಂದಡಿ ಎತ್ತರದ, ಕೇವಲ 11 ಸೆಂಟಿಮೀಟರಿನ ವೂಫರ್ ಇರುವ ಎಲ್‌ಎಸ್ 3/5ಎ ಎಂಬ ಪೆಟ್ಟಿಗೆಯನ್ನು ರೂಪಿಸಿದರು. ಸುಮಾರು 70 ಹರ್ಟ್ಸ್‌ಗಿಂತ ಕೆಳಗಿನ ಆಳದ ಧ್ವನಿ ಅದರಲ್ಲಿ ಕಡಿಮೆ. ಆ ಆಸೆಯನ್ನು ಅವರು ಬಿಟ್ಟರು. ಆದರೆ ಮನುಷ್ಯನ ಮಾತು ಮನುಷ್ಯನ ಮಾತಿನಂತೆಯೇ ಕೇಳಬೇಕೆಂಬ ಹಟವನ್ನು ಬಿಡಲಿಲ್ಲ.

ಎರಡನೆಯದು ಜಪಾನಿನ ಯಮಾಹ ಕಂಪನಿಯ ಎನ್‌ಎಸ್-10. 1978ರಲ್ಲಿ ಮನೆಬಳಕೆಗೆಂದು ಮಾರುಕಟ್ಟೆಗೆ ಬಂದ ಇದನ್ನು ಮನೆಯವರು ಅಷ್ಟಾಗಿ ಮೆಚ್ಚಲಿಲ್ಲ. ಧ್ವನಿ ಒರಟು, ತಳ ಸಾಲದು ಎಂಬ ದೂರು. ಆದರೆ ಅದರ 18 ಸೆಂಟಿಮೀಟರಿನ ಬಿಳಿ ಶಂಕು ಮುಂದೆ ಜಗತ್ತಿನ ಸ್ಟುಡಿಯೋಗಳ ಗುರುತೇ ಆಗಿಹೋಯಿತು. ಏಕೆ? ಹಾಡಿನ ನಡುಭಾಗದಲ್ಲಿ ಏನೇ ಕೊರತೆ ಇದ್ದರೂ ಅದು ಮುಚ್ಚಿಡುತ್ತಿರಲಿಲ್ಲ. ಅದರಲ್ಲಿ ಚೆನ್ನಾಗಿ ಕೇಳುವಂತೆ ಮಾಡಿದ ಹಾಡು ಬೇರೆಲ್ಲ ಕಡೆಯೂ ಚೆನ್ನಾಗಿಯೇ ಕೇಳುತ್ತದೆಂದು ಎಂಜಿನಿಯರುಗಳು ಅನುಭವದಿಂದ ಕಂಡುಕೊಂಡರು. ಅದರ ಎತ್ತರದ ಧ್ವನಿ ತೀರ ಚುಚ್ಚುತ್ತದೆಂದು ಕೆಲವರು ಟ್ವೀಟರಿನ ಮುಂದೆ ತೆಳು ಟಿಶ್ಯೂ ಕಾಗದ ಇಳಿಬಿಡುತ್ತಿದ್ದರು! 2001ರಲ್ಲಿ ಅದರ ತಯಾರಿಕೆ ನಿಂತಿತು.

ಈ ಎರಡನ್ನು ಹುಡುಕಿ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಸ್ಪೀಕರ್ ದೊಡ್ಡದಾಗಿರಬೇಕಿಲ್ಲ, ದೋಷವೇ ಇಲ್ಲದ್ದಾಗಿರಬೇಕೆಂದೂ ಇಲ್ಲ. ಅದರ ದೋಷ ಯಾವುದೆಂದು ನಿಮಗೆ ಗೊತ್ತಿದ್ದರೆ ಸಾಕು ಎನ್ನುವುದನ್ನು ಇವು ತೋರಿಸುತ್ತವೆ.

ಪೆಟ್ಟಿಗೆಯ ಮೇಲಿನ ಅಂಕಿಗಳು

ನಿಮ್ಮ ತಂದೆತಾಯಿಯರಿಗೆ "ಪಿ.ಎಂ.ಪಿ.ಓ." ನೆನಪಿರಬಹುದು. ಅಂಗೈಯಗಲದ ಸ್ಪೀಕರಿನ ಮೇಲೂ ಸಾವಿರ ವಾಟ್ ಎಂದು ಬರೆದಿರುತ್ತಿದ್ದ ಕಾಲ ಅದು. ಆ ಅಳತೆಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಎಲ್ಲಿ ಕಂಡರೂ ಅದನ್ನು ಬಿಟ್ಟು, ಆರ್.ಎಂ.ಎಸ್. ವಾಟ್ ಎಷ್ಟೆಂದು ಕೇಳಿ.

ವಾಟ್ ಕೂಡ ನಾವು ಅಂದುಕೊಂಡಷ್ಟು ಮುಖ್ಯವಲ್ಲ. ವಾಟ್ ಎರಡು ಪಟ್ಟಾದರೆ ಧ್ವನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರ್ ಇದೆಯೆನ್ನಿ. ಇಪ್ಪತ್ತು ವಾಟಿಗೆ ಅದು 100 ಡೆಸಿಬೆಲ್ ಮುಟ್ಟುತ್ತದೆ. ಕೋಣೆಯಲ್ಲಿ ಕೂತು ಕೇಳಲು ಅದು ಬೇಕಾದ್ದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಇಪ್ಪತ್ತು ಮೂವತ್ತು ನಿಜವಾದ ವಾಟ್ ಇದ್ದರೆ ನಿಮ್ಮ ಕೋಣೆಗೆ ಧಾರಾಳವಾಯಿತು.

ಇನ್ನೊಂದು ಅಂಕಿ ಕಂಪನಗಳ ವ್ಯಾಪ್ತಿ. "50ರಿಂದ 20,000 ಹರ್ಟ್ಸ್" ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ತುದಿಯಲ್ಲಿ ಪಿಸುಮಾತಿನಷ್ಟು ಸದ್ದು ಬಂದರೂ ಹಾಗೆ ಬರೆಯಬಹುದು. ಅದರ ಮುಂದೆ "ಹೆಚ್ಚು ಕಡಿಮೆ 3 ಡೆಸಿಬೆಲ್" ಎಂಬ ಗುರುತು ಇದೆಯೇ ನೋಡಿ. ಆ ವ್ಯಾಪ್ತಿಯಲ್ಲಿ ಯಾವ ಸ್ವರವೂ ಸರಾಸರಿ ಮಟ್ಟಕ್ಕಿಂತ 3 ಡೆಸಿಬೆಲ್‌ಗೂ ಮೀರಿ ಏರುವುದಿಲ್ಲ, ಇಳಿಯುವುದಿಲ್ಲ ಎಂದು ಅದರ ಅರ್ಥ. ಹತ್ತು ಹನ್ನೆರಡಡಿಯ ಕೋಣೆಗೆ ನಾಲ್ಕೂವರೆ ಅಥವಾ ಐದು ಅಂಗುಲದ ವೂಫರ್ ಇರುವ ಜೊತೆ ಸಾಕು.

ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರಿಗೆ ಆಕ್ಟಿವ್ ಎಂದೂ, ಹೊರಗಿನಿಂದ ಆಂಪ್ಲಿಫೈಯರ್ ಬೇಕಾದದ್ದಕ್ಕೆ ಪ್ಯಾಸಿವ್ ಎಂದೂ ಹೆಸರು. ಹೊಸದಾಗಿ ಕೊಳ್ಳುವವರಿಗೆ ಮೊದಲನೆಯದೇ ಅನುಕೂಲ. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಸುಸ್ಥಿತಿಯಲ್ಲಿದ್ದರೆ ಮಾತ್ರ ಎರಡನೆಯದು ಅಗ್ಗವಾದೀತು. ಎರಡರಲ್ಲಿ ಯಾವುದಾದರೂ ತಂತಿಯಲ್ಲೇ ಜೋಡಿಸಿ. ಬ್ಲೂಟೂತ್‌ನಲ್ಲಿ ಧ್ವನಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ತಡವಾಗಿ ಬರುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತಾಗದು. ಅದಕ್ಕೆ ಕಿವಿಗೊಟ್ಟು ತಾಳ ಹಾಕಹೊರಟವರಿಗೆ ಮಾತ್ರ ತಾಳವೇ ತಪ್ಪುತ್ತದೆ.

ಇನ್ನೊಂದು ಮಾತು. ಮೈಕ್ ತೆರೆದಿರುವಾಗ ಸ್ಪೀಕರ್ ಮುಚ್ಚಿರಲಿ. ಇಲ್ಲದಿದ್ದರೆ ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು ಕೀರಲು ಶಬ್ದ ಏಳುತ್ತದೆ. ಮುದ್ರಿಸುವಾಗ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಮುದ್ರಿಸಿದ್ದನ್ನು ಪರೀಕ್ಷಿಸುವಾಗ ಸ್ಪೀಕರ್, ಹೀಗೆ ಕೆಲಸ ಹಂಚಿಕೊಳ್ಳಿ.

ಅರ್ಧ ಸ್ಪೀಕರ್ ಕೋಣೆಯೇ

ಎಷ್ಟು ಹಣ ಕೊಟ್ಟು ತಂದರೂ ಸ್ಪೀಕರನ್ನು ಮೂಲೆಗೆ ಒತ್ತರಿಸಿ ಇಟ್ಟರೆ ಆ ಹಣ ವ್ಯರ್ಥ. ಗೋಡೆಗೆ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು.

ಕೋಣೆಗೂ ತನ್ನದೇ ಶ್ರುತಿಯಿದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 346 ಮೀಟರ್ ಚಲಿಸುತ್ತದೆ. ಎದುರುಬದುರು ಗೋಡೆಗಳ ಅಂತರವನ್ನು ಎರಡರಿಂದ ಗುಣಿಸಿ, ಅದರಿಂದ 346ನ್ನು ಭಾಗಿಸಿದರೆ ಆ ಗೋಡೆಗಳ ನಡುವೆ ಮೊದಲು ಮೊಳಗುವ ಕಂಪನ ಸಿಗುತ್ತದೆ. ಹತ್ತಡಿ, ಅಂದರೆ 3.05 ಮೀಟರಿಗೆ ಸುಮಾರು 57 ಹರ್ಟ್ಸ್. ಹನ್ನೆರಡಡಿಗೆ ಸುಮಾರು 47. ಇವೂ ಇವುಗಳ ಗುಣಕಗಳೂ ಕೋಣೆಯ ಕೆಲವು ಕಡೆ ಉಬ್ಬಿ, ಕೆಲವು ಕಡೆ ಕುಗ್ಗಿ ಕೇಳುತ್ತವೆ. ನೀವೇ ಪರೀಕ್ಷಿಸಿ. ತಳದ ಧ್ವನಿಯಿರುವ ಹಾಡೊಂದನ್ನು ಹಾಕಿ ಕೋಣೆಯಲ್ಲಿ ನಿಧಾನವಾಗಿ ನಡೆಯಿರಿ. ಗೋಡೆಯ ಬಳಿ ಗುಡುಗುವ ಸ್ವರ ಕೋಣೆಯ ನಡುವೆ ಕಾಣೆಯಾಗುವುದು ನಿಮಗೇ ತಿಳಿಯುತ್ತದೆ. ಹಾಗಾಗಿ ಗೋಡೆಗೆ ಒರಗಿಯೂ ಕೂರಬೇಡಿ, ಸರಿಯಾಗಿ ನಟ್ಟನಡುವೆಯೂ ಕೂರಬೇಡಿ.

ಎರಡು ಸ್ಪೀಕರ್‌ಗಳೂ ನಿಮ್ಮ ತಲೆಯೂ ಸೇರಿ ಒಂದು ಸಮಬಾಹು ತ್ರಿಭುಜವಾಗಲಿ, ಬಾಹು ಸುಮಾರು ಒಂದು ಮೀಟರ್. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಮೇಜು ತಗ್ಗಾದರೆ ಕೆಳಗೆ ನಾಲ್ಕು ದಪ್ಪ ಪುಸ್ತಕಗಳನ್ನಿಡಿ. ಮುಖ ನಿಮ್ಮ ಕಡೆಗೆ ತಿರುಗಿರಲಿ. ಹತ್ತಿರ ಕೂತಷ್ಟೂ ಗೋಡೆಯ ಪ್ರತಿಧ್ವನಿಗಿಂತ ಸ್ಪೀಕರಿನ ಮಾತೇ ಹೆಚ್ಚು ಕೇಳುತ್ತದೆ.

ಬರಿಯ ಗೋಡೆ, ನುಣುಪು ನೆಲದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಅದು ಝಣ್ ಎಂದರೆ ನೆಲಕ್ಕೊಂದು ಜಮಖಾನ, ಪಕ್ಕದ ಗೋಡೆಗೆ ದಪ್ಪ ಕಂಬಳಿ ಅಥವಾ ಪುಸ್ತಕ ತುಂಬಿದ ಕಪಾಟು ಬೇಕು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ. ಅವು ಎತ್ತರದ ಧ್ವನಿಯನ್ನು ಒಂದಿಷ್ಟು ಹೀರಬಹುದೇ ಹೊರತು ತಳದ ಗುಂಯ್‌ಗುಡುವಿಕೆಯನ್ನು ತಗ್ಗಿಸಲಾರವು, ಹೊರಗಿನ ಬಸ್ಸಿನ ಹಾರ್ನನ್ನೂ ತಡೆಯಲಾರವು.

ಅಂಗಡಿಯಲ್ಲಿ ಏನು ಕೇಳಿಸಿಕೊಳ್ಳಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಗೋ ನಿಮ್ಮೂರಿನ ಅಂಗಡಿಗೋ ಹೋಗುವಾಗ ಅವರು ಹಾಕುವ ಹಾಡನ್ನು ನಂಬಿಕೊಳ್ಳಬೇಡಿ. ನೀವೇ ಮೂರು ಧ್ವನಿಗಳನ್ನು ಒಯ್ಯಿರಿ.

ಮೊದಲನೆಯದು ನಿಮ್ಮ ತಾಯಿಯೋ ಅಜ್ಜಿಯೋ ಒಂದು ನಿಮಿಷ ಸಹಜವಾಗಿ ಆಡಿದ ಮಾತು. ಜಗತ್ತಿನಲ್ಲಿ ನಿಮಗೆ ಅತ್ಯಂತ ಚೆನ್ನಾಗಿ ಗೊತ್ತಿರುವ ಧ್ವನಿ ಅದು. ಅಜ್ಜಿ ಅಜ್ಜಿಯಂತೆ ಕೇಳಿದರೆ ಸ್ಪೀಕರಿನ ನಡುಭಾಗ ಸರಿಯಾಗಿದೆ. ಕೊಡದೊಳಗಿಂದ ಮಾತಾಡಿದಂತಿದ್ದರೆ ಮುಂದಿನದನ್ನು ನೋಡಿ.

ಎರಡನೆಯದು ತಂಬೂರಿ ಮತ್ತು ತಬಲಾ, ಅಥವಾ ತಂಬೂರಿ ಮತ್ತು ಮೃದಂಗ. ಝೇಂಕಾರ ಬಿಡಿಬಿಡಿಯಾಗಿ ಕೇಳುತ್ತದೆಯೇ? ಡಗ್ಗದ ಮೀಂಡಿನ ಏರಿಳಿತ ಸ್ಪಷ್ಟವೇ, ಇಲ್ಲವೇ ಎಲ್ಲ ಏಟೂ ಒಂದೇ "ಧಮ್" ಆಗಿದೆಯೇ?

ಮೂರನೆಯದು ನೀವೇ ಮುದ್ರಿಸಿದ ಹಾಡು. ಅದರಲ್ಲಿ ನಿಮಗೆ ಗೊತ್ತಿರುವ ತಪ್ಪುಗಳು ಕೇಳಬೇಕು. ನಿಮ್ಮ ತಪ್ಪನ್ನು ಮರೆಸಿ ನಿಮ್ಮನ್ನು ಹೊಗಳುವ ಸ್ಪೀಕರ್ ನಿಮಗೆ ಬೇಡ.

ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಎರಡರ ಮಟ್ಟವೂ ಒಂದೇ ಇರಲಿ. ತುಸು ಜೋರಾಗಿದ್ದುದೇ ಕಿವಿಗೆ ಉತ್ತಮವೆನಿಸುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಹಳೆಯದನ್ನು ಕೊಳ್ಳುವುದಾದರೆ ಶಂಕುವಿನ ಅಂಚಿನ ಸ್ಪಂಜು ಪುಡಿಯಾಗಿದೆಯೇ ನೋಡಿ. ಸಣ್ಣ ದನಿಯಲ್ಲೂ ಕರಕರ ಸದ್ದು ಬಂದರೆ ಬೇಡವೆನ್ನಿ.

ಮನೆಗೆ ತಂದು ಜೋಡಿಸಿದ ಮೇಲೆ ಇನ್ನೊಂದು ಪರೀಕ್ಷೆ. ಒಬ್ಬರೇ ಮಾತಾಡುವ ಧ್ವನಿ ಹಾಕಿದಾಗ ಅದು ಎರಡು ಪೆಟ್ಟಿಗೆಗಳ ನಟ್ಟನಡುವೆ, ಗಾಳಿಯಲ್ಲಿ ನಿಂತಂತೆ ಕೇಳಬೇಕು. ಅದು ಎಲ್ಲೋ ಚದುರಿ, ತಳವೂ ಸೊರಗಿದ್ದರೆ ಒಂದು ಸ್ಪೀಕರಿನ ಕೂಡು, ಕಳೆ ತಂತಿಗಳು ಅದಲುಬದಲಾಗಿರಬಹುದು. ಆಗ ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ತಂತಿ ತಿರುಗಿಸಿ ಹಾಕಿದರಾಯಿತು.

ಎಷ್ಟು ಜೋರು?

ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಧ್ವನಿ ಸಣ್ಣದಾದಾಗ ನಮ್ಮ ಕಿವಿ ತಳದ ಸ್ವರಗಳನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಜೋರಾದಾಗ ಅವು ತುಂಬಿ ಬರುತ್ತವೆ. ಇಂದು ಜೋರಾಗಿಟ್ಟು, ನಾಳೆ ಸಣ್ಣಗಿಟ್ಟು ತಿದ್ದುತ್ತ ಹೋದರೆ ಹಾಡು ಎಂದೂ ಒಂದು ನೆಲೆಗೆ ಬಾರದು. ಒಂದು ಮಟ್ಟವನ್ನು ಗೊತ್ತುಮಾಡಿ, ಗುಂಡಿಯ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಪಕ್ಕದಲ್ಲಿ ಕೂತವರೊಡನೆ ದನಿ ತುಸು ಏರಿಸಿದರೆ ಮಾತಾಡಬಹುದಾದಷ್ಟು ಇದ್ದರೆ ಸರಿ.

ಇದರಲ್ಲಿ ಆರೋಗ್ಯದ ಮಾತೂ ಇದೆ. 85 ಡೆಸಿಬೆಲ್ ಮಟ್ಟದಲ್ಲಿ ದಿನಕ್ಕೆ ಎಂಟು ಗಂಟೆ ಮೀರಬಾರದು, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯಬೇಕು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಆ ಲೆಕ್ಕದಂತೆ 100 ಡೆಸಿಬೆಲ್‌ಗೆ ಸಿಗುವುದು ಕಾಲು ಗಂಟೆ ಮಾತ್ರ. ಸ್ಪೀಕರ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಈಗ ಕೈಯಲ್ಲಿ ಹಣವೇ ಇಲ್ಲದಿದ್ದರೆ? ಚಿಂತೆಯಿಲ್ಲ. ಮನೆಯಲ್ಲಿರುವ ಸ್ಪೀಕರನ್ನೇ ಗೋಡೆಯಿಂದ ಈಚೆಗೆ ಎಳೆದು, ಬಾಸ್ ಗುಂಡಿಯನ್ನು ಮಧ್ಯಕ್ಕೆ ತಿರುಗಿಸಿ, ಪ್ರಸಿದ್ಧ ಕಲಾವಿದರ ಚೆನ್ನಾಗಿ ಮುದ್ರಿತವಾದ ನಾಲ್ಕು ಹಾಡುಗಳನ್ನು ಅದರಲ್ಲಿ ಒಂದು ತಿಂಗಳು ಗಮನವಿಟ್ಟು ಕೇಳಿ. ಆ ಸ್ಪೀಕರ್ ಎಲ್ಲಿ ಉಬ್ಬಿಸುತ್ತದೆ, ಎಲ್ಲಿ ಮುಚ್ಚಿಡುತ್ತದೆ ಎಂಬುದು ಕಿವಿಗೆ ಪರಿಚಯವಾಗುತ್ತದೆ. ಆಮೇಲೆ ನಿಮ್ಮದನ್ನು ಅದರ ಪಕ್ಕದಲ್ಲಿಟ್ಟು ಕೇಳಿ, ತಿದ್ದಿ, ಕೊನೆಗೆ ಹೆಡ್‌ಫೋನಿನಲ್ಲೂ ಮೊಬೈಲಿನಲ್ಲೂ ಒಮ್ಮೆ ಒರೆಹಚ್ಚಿ. ಹಣ ಕೂಡಿದಾಗ ಚಿಕ್ಕದೊಂದು ಜೊತೆ ಕೊಂಡರಾಯಿತು.

ಆ ವಿದ್ಯಾರ್ಥಿನಿಯ ಕಥೆ ಏನಾಯಿತೆಂದು ಕೇಳುತ್ತೀರಾ? ಗೆಳತಿಯ ಮನೆಯಿಂದ ಎರವಲು ತಂದ ಎರಡು ಪುಟ್ಟ ಸ್ಪೀಕರ್‌ಗಳನ್ನು ಓದುವ ಮೇಜಿನ ಮೇಲಿಟ್ಟು, ಮೊದಲು ಮುದ್ರಿಸಿದ್ದ ಅದೇ ಹಾಡನ್ನು ತಿದ್ದುವುದಕ್ಕೆ ಮುಂಚೆ ಇದ್ದಂತೆಯೇ ಕೇಳಿದಳು. ಕಂಠ ತುಂಬಿಕೊಂಡಿತ್ತು. ಡಗ್ಗ ತನ್ನ ಜಾಗದಲ್ಲಿತ್ತು. ಆದರೆ ಹಿಂದೆ ಗುಡುಗಿನಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸಂಗತಿಯೂ ಕೇಳಿಸಿತು. ಎರಡನೇ ಚರಣದಲ್ಲಿ ತಾರ ಷಡ್ಜಕ್ಕೆ ಏರುವಾಗ ಶ್ರುತಿ ಕೂದಲೆಳೆಯಷ್ಟು ತಗ್ಗುತ್ತಿತ್ತು. ಆ ಸಂಜೆ ಅವಳು ಕಂಪ್ಯೂಟರನ್ನು ಮುಚ್ಚಿ, ತಂಬೂರಿ ಹಾಕಿಕೊಂಡು ಆ ಒಂದು ಸಾಲನ್ನೇ ಅಭ್ಯಾಸ ಮಾಡುತ್ತ ಕೂತಳಂತೆ.